ಲೇಸಿಕ್ ನಂತರ ಕಣ್ಣು ಒಣಗುವಿಕೆ: ಹನಿ ಔಷಧಿಗಳ ಆಯ್ಕೆ ಮತ್ತು ಬಳಕೆ

ಕನ್ನಡಕವನ್ನು ಶಾಶ್ವತವಾಗಿ ಬಿಡಬೇಕೆಂಬ ಆಸೆಯಿಂದ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಈಗ ಮಹಾನಗರಗಳಲ್ಲಿ ಮಾತ್ರ ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದಲೂ ಬೆಂಗಳೂರಿಗೆ ಹೋಗಿ, ಅಂದೇ ಸಂಜೆ ಊರಿಗೆ ಮರಳುವವರಿದ್ದಾರೆ. ಕೆಲವರಿಗೆ ಮದುವೆಯ ನಿಶ್ಚಯ ಕಾರಣವಾದರೆ, ಕೆಲವರಿಗೆ ಹೊಸ ಕೆಲಸ ಕಾರಣ. ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮರುದಿನವೇ ಬಸ್ಸಿನ ಫಲಕವನ್ನು ದೂರದಿಂದ ಓದಬಹುದು. ತೊಂದರೆ ಪ್ರಾರಂಭವಾಗುವುದು ಆ ಸಂತೋಷದ ನಂತರ. ಕಣ್ಣಿನಲ್ಲಿ ಮರಳು ಬಿದ್ದಂತಹ ಕಿರಿಕಿರಿ, ಉರಿ, ಸಂಜೆಯ ವೇಳೆಗೆ ದೃಷ್ಟಿ ಮಸುಕಾಗುವುದು, ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಂತಾಗುವುದು ಇವುಗಳ ಲಕ್ಷಣ. ಇದನ್ನೇ ವೈದ್ಯರು ಕಣ್ಣಿನ ಶುಷ್ಕತೆ ಎನ್ನುತ್ತಾರೆ.

ಈ ಶುಷ್ಕತೆ ಬಹುಪಾಲು ಜನರಲ್ಲಿ ತಾತ್ಕಾಲಿಕವಾದದ್ದು. ಆದರೆ ಅದು ಇರುವ ತಿಂಗಳುಗಳಲ್ಲಿ ಯಾವ ಹನಿಯನ್ನು ಹಾಕಿಕೊಳ್ಳುತ್ತೇವೆ ಎಂಬುದು ಸಣ್ಣ ಸಂಗತಿಯಲ್ಲ. ಸರಿಯಾದ ಹನಿ ಕಣ್ಣನ್ನು ಕಾಯುತ್ತದೆ. ಊರಿನ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ತಪ್ಪು ಹನಿ, ಉರಿಯನ್ನು ಕ್ಷಣದಲ್ಲಿ ಶಮನ ಮಾಡಿ, ತಿಂಗಳುಗಳ ನಂತರ ದೃಷ್ಟಿಯನ್ನೇ ಕಸಿಯಬಹುದು.

ಕಣ್ಣು ಏಕೆ ಒಣಗುತ್ತದೆ?

ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. 2021ರ ಅಕ್ಟೋಬರ್‌ನಲ್ಲಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಬಂದ ಸಂಗತಿ ಓದುಗರಿಗೆ ನೆನಪಿರಬಹುದು. ಅಲ್ಲಿ ಕಸಿ ಮಾಡಿದ್ದು ಇಡೀ ಕಣ್ಣನ್ನಲ್ಲ, ಈ ಪಟಲವನ್ನೇ. ಒಂದೊಂದನ್ನು ಮುಂಪದರ, ಹಿಂಪದರವೆಂದು ಎರಡಾಗಿ ಬಿಡಿಸಿ ನಾಲ್ವರಿಗೆ ಜೋಡಿಸಲಾಯಿತು. ನಡುವಿನಲ್ಲಿ ಇದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ತೆಳುವಾದ ಪಟಲದಲ್ಲಿ ದೇಹದ ಬೇರಾವ ಭಾಗದಲ್ಲಿಯೂ ಇಲ್ಲದಷ್ಟು ದಟ್ಟವಾಗಿ ಸಂವೇದನೆಯ ನರತಂತುಗಳು ಹರಡಿಕೊಂಡಿವೆ. ಕಣ್ಣಿಗೆ ಸಣ್ಣ ಹೊಟ್ಟು ಬಿದ್ದರೂ ಪ್ರಾಣ ಹೋದಂತಾಗುವುದು ಇದರಿಂದಲೇ.

ಈ ನರಗಳ ಕೆಲಸ ನೋವನ್ನು ತಿಳಿಸುವುದಷ್ಟೇ ಅಲ್ಲ. ಪಟಲ ಸ್ವಲ್ಪ ಒಣಗಿದೊಡನೆ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೆದುಳು ಕಣ್ಣೀರಿನ ಗ್ರಂಥಿಗೆ ಆಜ್ಞೆ ಕಳುಹಿಸುತ್ತದೆ, ರೆಪ್ಪೆ ಮಿಟುಕುತ್ತದೆ. ದಿನವಿಡೀ ನಮ್ಮ ಅರಿವಿಗೆ ಬಾರದೆ ಈ ವ್ಯವಹಾರ ನಡೆಯುತ್ತಿರುತ್ತದೆ.

ಲೇಸಿಕ್ ವಿಧಾನದಲ್ಲಿ ಪಟಲದ ಮೇಲ್ಭಾಗವನ್ನು ತೆಳ್ಳಗೆ ಸೀಳಿ, ಒಂದು ಅಂಚಿನಲ್ಲಿ ಕೀಲು ಉಳಿಸಿಕೊಂಡು, ಪುಸ್ತಕದ ಹಾಳೆಯಂತೆ ಮಗುಚುತ್ತಾರೆ. ಕೆಳಗಿನ ಪದರವನ್ನು ಎಕ್ಸೈಮರ್ ಲೇಸರ್‌ನಿಂದ ಕೊರೆದು ಆಕಾರ ಬದಲಿಸಿ, ಆ ಮುಚ್ಚಳವನ್ನು ಮತ್ತೆ ಕೂರಿಸುತ್ತಾರೆ. ಹೊಲಿಗೆ ಇಲ್ಲ. ಆದರೆ ಮುಚ್ಚಳವನ್ನು ಸೀಳುವಾಗ ಅದರ ಸುತ್ತಲಿನ ನರತಂತುಗಳೆಲ್ಲ ತುಂಡಾಗುತ್ತವೆ. ಕೀಲಿನ ಕಡೆಯವು ಮಾತ್ರ ಉಳಿಯುತ್ತವೆ. ಸುದ್ದಿ ಮುಟ್ಟಿಸುವ ತಂತಿಯೇ ಕಡಿದ ಮೇಲೆ ಗ್ರಂಥಿಗೆ ಆಜ್ಞೆ ಹೋಗುವುದು ಹೇಗೆ? ಕಣ್ಣೀರು ಕಡಿಮೆಯಾಗುತ್ತದೆ, ರೆಪ್ಪೆ ಮಿಟುಕುವುದೂ ಕಡಿಮೆಯಾಗುತ್ತದೆ. ಇದಲ್ಲದೆ, ಮುಚ್ಚಳ ಸೀಳುವಾಗ ಕಣ್ಣನ್ನು ಹಿಡಿದಿಡುವ ಬಳೆಯಂತಹ ಸಾಧನದ ಒತ್ತಡದಿಂದ, ಬಿಳಿಗುಡ್ಡೆಯ ಮೇಲಿನ ಪೊರೆಯಲ್ಲಿ ಲೋಳೆ ಒಸರುವ ಕಣಗಳಿಗೂ ಪೆಟ್ಟಾಗುತ್ತದೆ.

ಈ ಲೇಸರಿನ ಹುಟ್ಟಿನ ಕಥೆಯಲ್ಲಿ ನಮ್ಮ ನೆರೆಯವರೊಬ್ಬರ ಪಾತ್ರವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಮದರಾಸು ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, ಸಹೋದ್ಯೋಗಿಗಳಾದ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಡನೆ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ 193 ನ್ಯಾನೋಮೀಟರ್ ತರಂಗದ ಈ ಕಿರಣವನ್ನು ಹಾಯಿಸಿ, ಸುತ್ತಲಿನ ಭಾಗ ಸುಡದೆ ನಯವಾಗಿ ಕೊರೆಯಬಹುದೆಂದು ಕಂಡುಕೊಂಡರು. ಕಣ್ಣಿನ ಶಸ್ತ್ರಚಿಕಿತ್ಸೆ ಬಂದದ್ದು ಆನಂತರ.

ಇತರ ವಿಧಾನಗಳಲ್ಲಿಯೂ ಶುಷ್ಕತೆ ಇಲ್ಲದಿಲ್ಲ. ಪಿಆರ್‌ಕೆ ವಿಧಾನದಲ್ಲಿ ಮುಚ್ಚಳವಿಲ್ಲ, ಆದರೆ ಮೇಲ್ಪದರದ ನರತುದಿಗಳು ಲೇಸರಿಗೆ ಸಿಲುಕುತ್ತವೆ. ಸ್ಮೈಲ್ ಎಂಬ ವಿಧಾನದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಕಿಂಡಿಯಿಂದ ಒಳಗಿನ ತೆಳುಬಿಲ್ಲೆಯನ್ನು ಎಳೆದು ತೆಗೆಯುವುದರಿಂದ ಕಡಿಯುವ ನರಗಳು ಕಡಿಮೆ. ಶುಷ್ಕತೆಯೂ ಸಾಮಾನ್ಯವಾಗಿ ಕಡಿಮೆ. ಆದರೂ ಯಾವುದೇ ವಿಧಾನವನ್ನು ಶುಷ್ಕತೆಯೇ ಬಾರದ ವಿಧಾನವೆಂದು ಯಾರಾದರೂ ಹೇಳಿದರೆ ನಂಬಬಾರದು.

ಎಷ್ಟು ಕಾಲ?

ಮೊದಲ ಮೂರು ತಿಂಗಳು ತೊಂದರೆ ಹೆಚ್ಚು. ನರಗಳು ನಿಧಾನವಾಗಿ ಮತ್ತೆ ಚಿಗುರುತ್ತವೆ. ಆರು ತಿಂಗಳಿನಿಂದ ಒಂದು ವರ್ಷದೊಳಗೆ ಬಹುಪಾಲು ಜನರಿಗೆ ಪಟಲದ ಸಂವೇದನೆ ಮರಳುತ್ತದೆ, ಲಕ್ಷಣಗಳೂ ತಗ್ಗುತ್ತವೆ. ಸೂಕ್ಷ್ಮದರ್ಶಕದಿಂದ ನೋಡಿದರೆ ನರಗಳ ದಟ್ಟಣೆ ಮೊದಲಿನ ಮಟ್ಟಕ್ಕೆ ಬರಲು ವರ್ಷಗಳೇ ಬೇಕಾಗುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕೈಗೊಂಡ ಪ್ರೌಲ್ ಎಂಬ ಅಧ್ಯಯನದಲ್ಲಿ, ಮೊದಲು ಶುಷ್ಕತೆಯ ಲಕ್ಷಣವೇ ಇಲ್ಲದಿದ್ದವರ ಪೈಕಿ ಗರಿಷ್ಠ ಶೇ. 28ರಷ್ಟು ಮಂದಿ ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಿಗೆ ಅಂತಹ ಲಕ್ಷಣಗಳನ್ನು ತಿಳಿಸಿದರು. ಸಣ್ಣ ಪ್ರಮಾಣದ ಜನರಲ್ಲಿ ಇದು ವರ್ಷ ಕಳೆದರೂ ಉಳಿಯುತ್ತದೆ.

ಸಂಜೆ ಮಸುಕಾಗುವುದನ್ನು ಕಂಡು ‘ಆಪರೇಷನ್ ಕೆಟ್ಟಿತು, ಪವರ್ ಮತ್ತೆ ಬಂತು’ ಎಂದು ಹೆದರುವವರು ಬಹಳ. ಕಣ್ಣಿಗೆ ಬೆಳಕು ಪ್ರವೇಶಿಸುವ ಮೊದಲ ಮೇಲ್ಮೈ ಕಣ್ಣೀರಿನ ಪದರವೇ ಆಗಿರುವುದರಿಂದ, ಅದು ಹರಿದುಹೋದಾಗ ದೃಷ್ಟಿ ಮಸುಕಾಗುವುದು ಸಹಜ. ನಾಲ್ಕಾರು ಬಾರಿ ರೆಪ್ಪೆ ಮಿಟುಕಿಸಿದ ಮೇಲೆ ಮಸುಕು ತಿಳಿಯಾಗುವುದಾದರೆ ಅದು ಬಹುಮಟ್ಟಿಗೆ ಶುಷ್ಕತೆಯದೇ ಕೆಲಸ.

ನಮ್ಮ ಜಿಲ್ಲೆಯ ಗಾಳಿ, ಧೂಳು, ಕಸುಬು

ನಿತ್ಯ ಹರಿಯುವ ನದಿಯಿಲ್ಲದ ಬಯಲುಸೀಮೆ ನಮ್ಮದು. ಬೇಸಿಗೆಯಲ್ಲಿ ಒಣಗಾಳಿ, ಕಲ್ಲು ಕ್ರಷರ್‌ಗಳ ಸುತ್ತಮುತ್ತ ವರ್ಷವಿಡೀ ಧೂಳು, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ರಾಗಿ ಒಕ್ಕಣೆಯ ಹೊಟ್ಟು. ಇವೆಲ್ಲ ಕಣ್ಣೀರಿನ ಪದರವನ್ನು ಬೇಗ ಆವಿ ಮಾಡುತ್ತವೆ ಅಥವಾ ಕೆರಳಿಸುತ್ತವೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವಾಗ ಒಕ್ಕಣೆಯ ಕಾಲವನ್ನು ತಪ್ಪಿಸುವುದು ರೈತ ಕುಟುಂಬದವರಿಗೆ ಒಳ್ಳೆಯದು.

ರೇಷ್ಮೆ ಕಸುಬಿನವರು ವಿಶೇಷ ಎಚ್ಚರ ವಹಿಸಬೇಕು. ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ಗೂಡು ಬೇಯುವ ಬಿಸಿ ಆವಿ, ಒಲೆಯ ಹೊಗೆ ಮುಖಕ್ಕೆ ನೇರವಾಗಿ ಬಡಿಯುತ್ತವೆ. ಹುಳು ಮನೆಯನ್ನು ಸೋಂಕುರಹಿತಗೊಳಿಸಲು ಬಳಸುವ ಬ್ಲೀಚಿಂಗ್ ಪುಡಿ, ಫಾರ್ಮಲಿನ್, ಹುಳುಗಳ ಹಾಸಿಗೆಯ ಮೇಲೆ ಉದುರಿಸುವ ಸುಣ್ಣದ ಪುಡಿ ಇವು ಇನ್ನೂ ಅಪಾಯಕಾರಿ. ಸುಣ್ಣ ಕ್ಷಾರ; ಆರೋಗ್ಯವಂತ ಕಣ್ಣನ್ನೇ ಸುಡಬಲ್ಲದು. ಸಂವೇದನೆ ಕುಂದಿದ ಕಣ್ಣಿಗೆ ಬಿದ್ದರೆ ಉರಿ ತಡವಾಗಿ ತಿಳಿದು, ತೊಳೆಯುವುದೂ ತಡವಾಗಬಹುದು. ಅಂತಹ ಕೆಲಸಗಳನ್ನು ಮೊದಲ ತಿಂಗಳು ಮನೆಯ ಬೇರೆಯವರಿಗೆ ವಹಿಸುವುದು, ಆನಂತರವೂ ಬದಿ ಮುಚ್ಚಿದ ಕನ್ನಡಕ ಧರಿಸುವುದು ಅವಶ್ಯ. ಟೊಮೇಟೊ, ದ್ರಾಕ್ಷಿ ತೋಟಗಳಿಗೆ ಔಷಧಿ ಸಿಂಪಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡಕ ಬಿಡಲೆಂದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮತ್ತೆ ಕನ್ನಡಕ ಹಾಕಿಕೊಳ್ಳಿರೆನ್ನುವುದು ವಿಚಿತ್ರವಾಗಿ ಕಂಡೀತು. ಇದು ಗಾಳಿ ತಡೆಯುವ ಸಾದಾ ಗಾಜು, ಅಷ್ಟೆ. ಬೈಕಿನಲ್ಲಿ ಓಡಾಡುವವರಿಗೆ, ಬಸ್ಸಿನ ಕಿಟಕಿಯ ಪಕ್ಕ ಕೂರುವವರಿಗೆ ಹೆಲ್ಮೆಟ್ಟಿನ ಗಾಜು ಅಥವಾ ಇಂತಹ ಕನ್ನಡಕವೇ ಅರ್ಧ ಔಷಧಿ.

ಹವಾನಿಯಂತ್ರಿತ ಕೊಠಡಿಯಲ್ಲಿ ಕಂಪ್ಯೂಟರ್ ಮುಂದೆ ದುಡಿಯುವವರಿಗೆ ಧೂಳಿಲ್ಲದಿದ್ದರೂ ಶುಷ್ಕತೆ ಉಂಟು. ಪರದೆ ನೋಡುವಾಗ ರೆಪ್ಪೆ ಮಿಟುಕುವುದು ಗಣನೀಯವಾಗಿ ಕಡಿಮೆಯಾಗುತ್ತದೆ.

ಕೃತಕ ಕಣ್ಣೀರು

ಚಿಕಿತ್ಸೆಯ ಮೊದಲ ಮೆಟ್ಟಿಲು ಕೃತಕ ಕಣ್ಣೀರು. ಹೆಚ್ಚಾಗಿ ದೊರೆಯುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಸಾಮಾನ್ಯವಾಗಿ ಶೇ. 0.5ರ ದ್ರಾವಣ. ಶೇ. 1ರ ದ್ರಾವಣ ಗಟ್ಟಿಯಾದ್ದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಹಾಕಿದ ಕೆಲವು ನಿಮಿಷ ದೃಷ್ಟಿ ಮಬ್ಬಾಗುತ್ತದೆ. ವಾಹನ ಚಲಾಯಿಸುವ ಮುನ್ನ ಹಾಕಬಾರದು. ಸೋಡಿಯಂ ಹಯಲುರೊನೇಟ್ ನೀರನ್ನು ಹಿಡಿದಿಡುವ ಗುಣವುಳ್ಳದ್ದು, ಬೆಲೆ ತುಸು ಹೆಚ್ಚು. ರೆಪ್ಪೆಯಂಚಿನ ಎಣ್ಣೆಗ್ರಂಥಿಗಳು ಕಟ್ಟಿಕೊಂಡವರಿಗೆ ಎಣ್ಣೆಯಂಶವುಳ್ಳ ಹನಿಗಳನ್ನು ಬರೆಯುತ್ತಾರೆ. ಮಲಗುವ ಮುನ್ನ ಹಚ್ಚುವ ಜೆಲ್ ಅಥವಾ ಮುಲಾಮು ಬೇರೆ.

ಯಾವ ಕಂಪನಿಯದು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಅದರಲ್ಲಿ ಯಾವ ಸಂರಕ್ಷಕ ಇದೆ? ತೆರೆದ ಬಾಟಲಿಯಲ್ಲಿ ರೋಗಾಣು ಬೆಳೆಯದಂತೆ ಸೇರಿಸುವ ರಾಸಾಯನಿಕವೇ ಸಂರಕ್ಷಕ. ಇವುಗಳಲ್ಲಿ ಬಹು ಬಳಕೆಯಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್, ರೋಗಾಣುವನ್ನು ಕೊಲ್ಲುವಂತೆಯೇ ಕಾರ್ನಿಯಾದ ಮೇಲ್ಪದರದ ಕಣಗಳಿಗೂ ಹಾನಿ ಮಾಡುತ್ತದೆ. ಮೂರು ನಾಲ್ಕು ದಿನ ಬಳಸುವ ಹನಿಯಲ್ಲಿ ಇದು ದೊಡ್ಡ ವಿಷಯವಲ್ಲ. ದಿನಕ್ಕೆ ಆರೆಂಟು ಬಾರಿ, ತಿಂಗಳುಗಟ್ಟಲೆ, ನರ ಕಡಿದ ಪಟಲದ ಮೇಲೆ ಹಾಕಿದಾಗ ಔಷಧಿಯೇ ರೋಗವನ್ನು ಬೆಳೆಸುತ್ತದೆ. ಆದುದರಿಂದ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಾಕಬೇಕಾದವರು ಸಂರಕ್ಷಕರಹಿತ ಹನಿಯನ್ನೇ ಕೇಳಬೇಕು. ಒಂದು ದಿನಕ್ಕೆ ಬಳಸಿ ಎಸೆಯುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿ ಇದು ಬರುತ್ತದೆ. ಗಾಳಿ ಒಳನುಗ್ಗದ ವಿಶೇಷ ಬಾಟಲಿಗಳಲ್ಲಿಯೂ ದೊರೆಯುತ್ತದೆ. ಖರ್ಚು ಹೆಚ್ಚೆಂಬುದು ನಿಜ. ಅಷ್ಟು ಭರಿಸಲಾಗದವರು ಸೌಮ್ಯ ಸಂರಕ್ಷಕವುಳ್ಳ ಹನಿಯನ್ನಾದರೂ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು.

ಸಂರಕ್ಷಕವಿಲ್ಲದ ಹನಿಗೆ ಶುಚಿತ್ವವೇ ಕಾವಲು. 2023ರಲ್ಲಿ ಅಮೆರಿಕದಲ್ಲಿ, ಭಾರತದಲ್ಲಿ ತಯಾರಾಗಿ ರಫ್ತಾಗಿದ್ದ ಕೃತಕ ಕಣ್ಣೀರಿನ ಮೂಲಕ ಔಷಧಿಗೆ ಬಗ್ಗದ ಸೂಡೊಮೊನಾಸ್ ರೋಗಾಣು ಹರಡಿ, 81 ಮಂದಿಗೆ ಸೋಂಕು ತಗುಲಿತು. ನಾಲ್ವರು ಮೃತಪಟ್ಟರು, ಹಲವರು ದೃಷ್ಟಿ ಕಳೆದುಕೊಂಡರು. ಅದು ತಯಾರಿಕೆಯಲ್ಲಿಯೇ ಆದ ಲೋಪವಾದರೂ, ತೆರೆದ ಕೊಳವೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಎರಡು ಮೂರು ದಿನ ಬಳಸುವುದರಲ್ಲಿ ಅದೇ ಬಗೆಯ ಅಪಾಯ ಅಡಗಿದೆ.

ಸ್ಟೀರಾಯ್ಡ್ ಹನಿ: ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು

ಶಸ್ತ್ರಚಿಕಿತ್ಸೆಯಾದ ಕೂಡಲೇ ಕೊಡುವ ಹನಿಗಳಲ್ಲಿ ಪ್ರತಿಜೀವಕದೊಡನೆ ಸ್ಟೀರಾಯ್ಡ್ ಸಹ ಇರುತ್ತದೆ. ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಫ್ಲೂರೋಮೆಥೊಲೋನ್ ಇವೆಲ್ಲ ಆ ವರ್ಗದವು. ವೈದ್ಯರು ಹೇಳಿದಷ್ಟು ದಿನ, ಹೇಳಿದಂತೆ ಇಳಿಸುತ್ತ ಹೋದರೆ ಅವು ಅತ್ಯಂತ ಉಪಕಾರಿ. ತೀವ್ರ ಶುಷ್ಕತೆಯ ಉರಿಯೂತ ತಗ್ಗಿಸಲು ಮುಂದೆಯೂ ಅಲ್ಪಾವಧಿಗೆ ಕೊಡುವುದುಂಟು.

ಎರಡು ತಿಂಗಳ ನಂತರ ಏನಾಗುತ್ತದೆಂದು ನೋಡೋಣ. ಕಣ್ಣು ಉರಿಯುತ್ತದೆ. ಬೆಂಗಳೂರಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಅಥವಾ ರಜೆ ಹೋಗುತ್ತದೆ. ಹಳೆಯ ಬಾಟಲಿಯನ್ನು ಔಷಧಿ ಅಂಗಡಿಯಲ್ಲಿ ತೋರಿಸಿದರೆ ಅದೇ ಹನಿ ಸಿಗುತ್ತದೆ. ಹಾಕಿದ ದಿನವೇ ಉರಿ ಮಾಯ. ಬಿಟ್ಟರೆ ಮತ್ತೆ ಉರಿ. ಹೀಗೆ ತಿಂಗಳುಗಳು ಉರುಳುತ್ತವೆ. ಈ ಹನಿಗಳು ಷೆಡ್ಯೂಲ್ ಎಚ್ ಪಟ್ಟಿಯಲ್ಲಿದ್ದು, ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಕಾನೂನಿದ್ದರೂ ಕೌಂಟರಿನ ಮೇಲೆ ಅದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತಿರುವುದೇ.

ದೀರ್ಘಕಾಲದ ಸ್ಟೀರಾಯ್ಡ್ ಬಳಕೆಯಿಂದ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿನರ ಸದ್ದಿಲ್ಲದೆ ನಾಶವಾಗುತ್ತದೆ. ಇದೇ ಗ್ಲಾಕೋಮಾ. ನೋವಿಲ್ಲ, ನೇರ ದೃಷ್ಟಿ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ, ಅಂಚಿನ ನೋಟ ಕುಗ್ಗುತ್ತ ಬರುತ್ತದೆ. ಹೋದ ನೋಟ ಮರಳುವುದಿಲ್ಲ. ಲೇಸಿಕ್ ಆದವರಲ್ಲಿ ಇನ್ನೊಂದು ತೊಡಕಿದೆ. ಲೇಸರಿನಿಂದ ಪಟಲ ತೆಳುವಾಗಿರುವುದರಿಂದ ಸಾಮಾನ್ಯ ಉಪಕರಣದಲ್ಲಿ ಅಳೆದಾಗ ಒತ್ತಡ ನಿಜಕ್ಕಿಂತ ಕಡಿಮೆ ತೋರುತ್ತದೆ. ಏರಿದ ಒತ್ತಡವೂ ‘ಸರಿಯಾಗಿದೆ’ ಎಂದೇ ಕಾಣಬಹುದು. ಹೀಗಾಗಿ ಯಾವ ಕಣ್ಣಿನ ವೈದ್ಯರ ಬಳಿ ಹೋದರೂ, ಕಾರಣ ಯಾವುದೇ ಇರಲಿ, ಲೇಸಿಕ್ ಆಗಿದೆ ಎಂಬುದನ್ನು ಮೊದಲು ಹೇಳಬೇಕು. ಮುಚ್ಚಳ ಕೂಡಿಕೊಂಡ ಕಣ್ಣನ್ನು ನೋಡಿದ ಮಾತ್ರಕ್ಕೆ ಅದು ಯಾವಾಗಲೂ ತಿಳಿಯುವುದಿಲ್ಲ. ಸ್ಟೀರಾಯ್ಡ್‌ನಿಂದ ಪೊರೆ ಬೇಗ ಬರುವುದು, ಸೋಂಕು ಉಲ್ಬಣಿಸುವುದು ಇತರ ಅಪಾಯಗಳು.

ಕಣ್ಣಿನ ಕೆಂಪು ತೆಗೆಯುವ ನ್ಯಾಫಜೋಲಿನ್‌ನಂತಹ ಹನಿಗಳೂ ಬೇಡ. ಅವು ರಕ್ತನಾಳವನ್ನು ಕುಗ್ಗಿಸುತ್ತವೆಯೇ ಹೊರತು ಕಣ್ಣನ್ನು ತೇವಗೊಳಿಸುವುದಿಲ್ಲ. ಬಿಟ್ಟಾಗ ಕೆಂಪು ಇಮ್ಮಡಿಯಾಗುತ್ತದೆ. ಪರೀಕ್ಷೆಯ ವೇಳೆ ಹಾಕುವ ಮರಗಟ್ಟಿಸುವ ಹನಿಯನ್ನು ಮನೆಗೆ ತಂದು ಬಳಸಿದರೆ ಕಾರ್ನಿಯಾ ಕರಗುವವರೆಗೂ ಹೋಗಬಹುದು.

ಮನೆಮದ್ದಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಎದೆಹಾಲು, ಹರಳೆಣ್ಣೆ, ಜೇನುತುಪ್ಪ ಯಾವುದನ್ನೂ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಬಿಡಬಾರದು, ಅವು ರೋಗಾಣುಮುಕ್ತವಲ್ಲ. ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲು ಹೂವಿಟ್ಟು ತಂಪು ಮಾಡಿಕೊಳ್ಳುವ ಹಿರಿಯರ ಅಭ್ಯಾಸ ಹಿತವೇ ಇರಬಹುದು, ಆದರೆ ಮೊದಲ ವಾರಗಳಲ್ಲಿ ಅದರ ತೇವ, ಒತ್ತಡ ಎರಡೂ ಬೇಡ.

ಕೃತಕ ಕಣ್ಣೀರು ಸಾಲದಾದಾಗ

ಶುಷ್ಕತೆಯ ತೀವ್ರತೆಯನ್ನು ವೈದ್ಯರು ಅಳೆಯಬಲ್ಲರು. ರೆಪ್ಪೆಯಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತೆಂದು ನೋಡುವುದು ಶಿರ್ಮರ್ ಪರೀಕ್ಷೆ. ಮರಗಟ್ಟಿಸುವ ಹನಿ ಹಾಕದೆ ಮಾಡಿದಾಗ ಹತ್ತಕ್ಕಿಂತ ಕಡಿಮೆಯಾದರೆ ಅನುಮಾನ, ಐದಕ್ಕಿಂತ ಕಡಿಮೆಯಾದರೆ ತೀವ್ರ. ಹಳದಿ ಬಣ್ಣ ಹಾಕಿ ಕಣ್ಣೀರಿನ ಪದರ ಎಷ್ಟು ಸೆಕೆಂಡಿನಲ್ಲಿ ಒಡೆಯುವುದೆಂದು ನೋಡುವುದು ಇನ್ನೊಂದು. ಹತ್ತು ಸೆಕೆಂಡಿಗೆ ಮುನ್ನ ಒಡೆದರೆ ಪದರ ದುರ್ಬಲ. ಈ ಪರೀಕ್ಷೆಗಳಿಗೆ ಬೆಂಗಳೂರೇ ಆಗಬೇಕೆಂದಿಲ್ಲ; ನೇತ್ರತಜ್ಞರಿರುವ ಕಡೆ ಇವು ಸುಲಭವಾಗಿ ನಡೆಯುತ್ತವೆ. ಈ ಪರೀಕ್ಷೆಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿಕೊಳ್ಳುವುದು ಇನ್ನೂ ಮೇಲು. ಮೊದಲೇ ಶುಷ್ಕತೆ ಇರುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು, ಸಂಧಿವಾತದಂತಹ ಕಾಯಿಲೆಯಿರುವವರು ಅದನ್ನು ಮುಚ್ಚಿಡದೆ ತಿಳಿಸಬೇಕು. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ.

ಉರಿಯೂತ ಬೇರೂರಿದ್ದರೆ ಸೈಕ್ಲೋಸ್ಪೊರಿನ್ ಹನಿಯನ್ನು ಕೊಡುತ್ತಾರೆ. ಶೇ. 0.05ರ ಈ ಹನಿಗೆ ಎಫ್‌ಡಿಎ 2002ರಲ್ಲಿ ಅನುಮೋದನೆ ನೀಡಿತು. ಸ್ಟೀರಾಯ್ಡ್‌ನಂತೆ ಒತ್ತಡ ಏರಿಸುವ ದೋಷ ಇದಕ್ಕಿಲ್ಲ. ಆದರೆ ಹಾಕಿದಾಗ ಉರಿಯುತ್ತದೆ, ಗುಣ ಕಾಣಲು ಒಂದೆರಡು ತಿಂಗಳಾದರೂ ಬೇಕು. ಹದಿನೈದು ದಿನ ಹಾಕಿ, ಗುಣವಿಲ್ಲವೆಂದು ಬಿಟ್ಟವರು ಹಣವನ್ನೂ ಕಾಲವನ್ನೂ ಕಳೆದುಕೊಂಡಂತೆ. ಕಣ್ಣೀರು ಹರಿದುಹೋಗುವ ಸೂಕ್ಷ್ಮ ರಂಧ್ರಗಳಿಗೆ ಪುಟ್ಟ ಬಿರಡೆ ಹಾಕುವುದು, ರೋಗಿಯ ಸ್ವಂತ ರಕ್ತದಿಂದ ಸೀರಂ ಬೇರ್ಪಡಿಸಿ ಹನಿ ತಯಾರಿಸುವುದು ಮುಂದಿನ ಹಂತಗಳು. ಸೀರಂ ಹನಿಯನ್ನು ಶೀತದಲ್ಲಿಯೇ ಇಡಬೇಕಾದ್ದರಿಂದ ವಿದ್ಯುತ್ ಆಗಾಗ ಕೈಕೊಡುವ ಹಳ್ಳಿಗಳಲ್ಲಿ ಇದು ಕಷ್ಟ.

ಅಪರೂಪಕ್ಕೆ ಕೆಲವರಲ್ಲಿ ಪರೀಕ್ಷೆಗಳೆಲ್ಲ ಸರಿಯಿದ್ದರೂ ನೋವು, ಉರಿ ನಿಲ್ಲುವುದಿಲ್ಲ. ಮತ್ತೆ ಚಿಗುರಿದ ನರಗಳೇ ತಪ್ಪು ಸುದ್ದಿ ಕಳುಹಿಸುವ ಸ್ಥಿತಿ ಇದು. ‘ಏನೂ ಇಲ್ಲ, ಭ್ರಮೆ’ ಎಂದು ಮನೆಯವರು ಅಲ್ಲಗಳೆಯಬಾರದು. ಇದಕ್ಕೆ ನರನೋವಿನ ಔಷಧಿಗಳು ಬೇಕಾಗುತ್ತವೆ. ಕಾರ್ನಿಯಾ ತಜ್ಞರಿರುವ ಬೆಂಗಳೂರಿನ ಮಿಂಟೋದಂತಹ ದೊಡ್ಡ ಕಣ್ಣಾಸ್ಪತ್ರೆಗೆ ತೋರಿಸುವುದು ಸೂಕ್ತ.

ಹನಿ ಹಾಕುವ ಕ್ರಮ

ಕೈಯನ್ನು ಸೋಪಿನಿಂದ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಡಬೇಕು. ಕಣ್ಣು ಒಂದು ಹನಿಯನ್ನೇ ಪೂರ್ತಿ ಹಿಡಿದಿಡಲಾರದು. ಎರಡನೆಯದು ಕೆನ್ನೆಯ ಪಾಲು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಹಾಕಿದ ಮೇಲೆ ಕಣ್ಣು ಮುಚ್ಚಿಕೊಂಡು ಒಂದೆರಡು ನಿಮಿಷವಿರಬೇಕು. ಎರಡು ಬಗೆಯ ಹನಿಗಳಿದ್ದರೆ ನಡುವೆ ಕನಿಷ್ಠ ಐದು ನಿಮಿಷ ಅಂತರವಿರಲಿ; ಜೆಲ್, ಮುಲಾಮು ಕೊನೆಗೆ. ತೆರೆದ ಬಾಟಲಿಯನ್ನು ಒಂದು ತಿಂಗಳ ನಂತರ, ಒಳಗೆ ಔಷಧಿ ಉಳಿದಿದ್ದರೂ ಎಸೆಯಬೇಕು. ಉರಿ ಬಂದಾಗ ಮಾತ್ರ ಹಾಕುವುದಲ್ಲ. ಸಂವೇದನೆ ಕುಂದಿದ ಕಣ್ಣು ಒಣಗಿದ್ದನ್ನು ತಾನಾಗಿ ಹೇಳದಿರಬಹುದು. ಆದುದರಿಂದ ಮೊದಲ ತಿಂಗಳುಗಳಲ್ಲಿ ಗಡಿಯಾರ ನೋಡಿ ಹಾಕುವುದೇ ಕ್ರಮ. ಕಣ್ಣನ್ನಂತೂ ಉಜ್ಜಲೇಬಾರದು.

ದೃಷ್ಟಿ ಒಮ್ಮೆಲೇ ಕುಂದಿದರೆ, ನೋವು ಹೆಚ್ಚುತ್ತ ಹೋದರೆ, ಬೆಳಕು ನೋಡಲಾಗದಿದ್ದರೆ, ಕೀವು ಬಂದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕಣ್ಣಿಗೆ ಪೆಟ್ಟು ಬಿದ್ದರೆ ಅದು ಶುಷ್ಕತೆಯಲ್ಲ. ಅದೇ ದಿನ ನೇತ್ರತಜ್ಞರನ್ನು ಕಾಣಬೇಕು.

ಶಸ್ತ್ರಚಿಕಿತ್ಸೆಗೆ ಮೊದಲಿನ ಕನ್ನಡಕದ ಪವರ್, ಕಾರ್ನಿಯಾದ ಬಾಗು ಮತ್ತು ದಪ್ಪದ ಅಳತೆ, ಕಣ್ಣೊತ್ತಡ, ಮಾಡಿದ ವಿಧಾನ, ಬಳಸಿದ ಹನಿಗಳ ಹೆಸರು ಹಾಗೂ ಅವಧಿ ಇಷ್ಟನ್ನೂ ಆಸ್ಪತ್ರೆಯಿಂದ ಬರೆಸಿಕೊಂಡು ಜೋಪಾನವಾಗಿಡಿ. ಇಪ್ಪತ್ತು ಮೂವತ್ತು ವರ್ಷಗಳ ನಂತರ ಪೊರೆಯ ಶಸ್ತ್ರಚಿಕಿತ್ಸೆಗೆ ಹೋದಾಗ ಒಳಗೆ ಕೂರಿಸುವ ಲೆನ್ಸ್‌ನ ಪವರ್ ಲೆಕ್ಕ ಹಾಕಲು ವೈದ್ಯರು ಕೇಳುವುದು ಇದೇ ಕಾಗದವನ್ನು.